ಟೊಪಗಿ ಹಾಕಿದ ತೆನೆ

೯ ಡಿಸೆಂಬರ್ ೧೯೭೫, ಮಂಗಳವಾರ

ಹಲ್ಲುನೋವು ಇಳಿದಿಲ್ಲ. ಲವಂಗದೆಣ್ಣೆ ಹಚ್ಚಿ ಹಚ್ಚಿ ಈಗ ಚಹವೂ ಲವಂಗ, ರೊಟ್ಟಿಯೂ ಲವಂಗ.

ಬೆಳಿಗ್ಗೆ ಪ್ಲಾಟಿಗೆ ಹೋದೆ. ಗುಬ್ಬಿಗಳ ಹಿಂಡು. ಗೊಳಸಂಗಿಯವರೆಗೂ ಯಾರ ಹೊಲದಲ್ಲೂ ಜೋಳ ಇನ್ನೂ ಕಾಳು ಹಿಡಿದಿಲ್ಲ. ಹಿಡಿದಿರುವುದು ನಮ್ಮ ಫಾರ್ಮಿನ ಈ ಒಂದು ಪಟ್ಟಿಯಲ್ಲಿ ಮಾತ್ರ. ಹಾಗಾಗಿ ತಾಲೂಕಿನ ಹಕ್ಕಿಗಳಿಗೆಲ್ಲ ಇಲ್ಲೇ ಊಟ. ತೆರೆದಿದ್ದ ತೆನೆಗಳನ್ನು ಮುಗಿಸಿವೆ. ಉಳಿದಿರುವುದು ಕಾಗದದ ಚೀಲ ಕಟ್ಟಿದವು. ಬೇರೆ ಜೋಳದ ಪರಾಗ ಸೋಕದಿರಲಿ ಎಂದು ಹೂವಾಗುವ ಮೊದಲೇ ಕಟ್ಟಿದ್ದೆ. ವಾಚ್‌ಮನ್ ಮಾನಪ್ಪ ಅದನ್ನು ಟೊಪಗಿ ಎನ್ನುತ್ತಾನೆ. "ಬಾಯಾರ, ರಾತ್ರಿ ಗಾಳಿಗೆ ಒಂದ ಟೊಪಗಿ ಹಾರೇತ್ರಿ" ಎಂದು ವರದಿ ಕೊಟ್ಟ. ನನಗೂ ಈಗ ಅದೇ ಪದ ಬಾಯಿಗೆ ಬರುತ್ತದೆ.

ನಾಲ್ಕು ವರ್ಷದ ಕೆಲಸ ಈ ಪಟ್ಟಿಯಲ್ಲಿ ನಿಂತಿದೆ. ನನ್ನ ಪಿಎಚ್.ಡಿ. ಕೂಡ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಸುತ್ತಿ ಮನೆಮನೆಯ ಜೋಳದ ಬೀಜ ತಂದೆ. ಮಳೆ ಬಿದ್ದ ತಕ್ಷಣ ಬಿತ್ತಿದರೆ ಸುಳಿನೊಣ ಬಿಡುವುದಿಲ್ಲ — ಸಸಿಯ ನಡುವಿನ ಸುಳಿ ಒಣಗಿ, ಎಳೆದರೆ ಕೈಗೆ ಬರುತ್ತದೆ. ಅದಕ್ಕೆ ಹೆದರಿ ರೈತರು ತಡವಾಗಿ ಬಿತ್ತುತ್ತಾರೆ, ಅಷ್ಟರಲ್ಲಿ ನೆಲದ ಹಸಿ ಹೋಗಿರುತ್ತದೆ. ನಾನು ತಂದ ಬೀಜಗಳೂ ಒಂದೊಂದಾಗಿ ಸುಳಿ ಸತ್ತು ಮಲಗಿದವು. ನಿಂತದ್ದು ಗೊಳಸಂಗಿಯ ಗುರವ್ವ ಕೊಟ್ಟದ್ದೊಂದೇ. ಉಡಿಯಲ್ಲಿ ಕಟ್ಟಿಕೊಂಡು ಬಂದಿದ್ದಳು. "ತಂಗಿ, ಇದು ನಮ್ಮತ್ತಿಯ ಅತ್ತಿ ಕಾಲದ್ದು. ಬೆಳಸು, ಎಲ್ಲಾರಿಗೂ ಆಗಲಿ. ಮಾರೂ ಮಂದಿ ಕೈಯಾಗ ಮಾತ್ರ ಕೊಡಬ್ಯಾಡ" ಅಂದಿದ್ದಳು. ಕೊಡುವುದಿಲ್ಲ ಅಂದಿದ್ದೆ. ಸೆಪ್ಟೆಂಬರ್ ಮೊದಲ ವಾರ ಬಿತ್ತಿದ ಜೋಳ ಡಿಸೆಂಬರಿನಲ್ಲಿ ಕಾಳು ಹಿಡಿದು ನಿಂತಿದೆ... ಬರೆಯುವಾಗಲೂ ಖುಷಿಯಾಗುತ್ತದೆ. ಹಲ್ಲು ಬಿಟ್ಟು ನಕ್ಕರೆ ನೋವು.

ಯುನಿವರ್ಸಿಟಿಯಿಂದ ಸರ್ಕ್ಯುಲರ್ ಬಂದಿದೆ. ಬಿಡುಗಡೆಯಾಗದ ತಳಿಗಳೆಲ್ಲ ಗೋಪ್ಯ, ಹೊರಗಿನವರನ್ನು ಪ್ಲಾಟಿಗೆ ಬಿಡಬಾರದು, ಬೀಜ ಹೊರಗೆ ಹೋಗಬಾರದು. ಕೆಳಗೆ ನಮ್ಮ ಹೆಡ್ ಡಾ. ಗುರುಲಿಂಗಪ್ಪನವರ ಸಹಿ, "ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು" ಎಂದು ಕೆಂಪು ಮಸಿಯಲ್ಲಿ. ಒಳ್ಳೆಯದೇ. ಮೊದಲ ಸಲ ಇವರು ಸಹಿ ಹಾಕಿದ್ದನ್ನು ಪೂರ್ತಿ ಒಪ್ಪಿದೆ.

೧೧ ಡಿಸೆಂಬರ್

ಬಾಗೇವಾಡಿಯ ಪೇಂಟರ್ ಬಂದು ಬೋರ್ಡು ಬರೆದ. "ಪರವಾನಗಿ ಇಲ್ಲದೆ ಒಳಗೆ ಬರಬಾರದು." ನಾಲ್ಕು ಸುತ್ತು ಮುಳ್ಳುತಂತಿ. ಮಾನಪ್ಪನಿಗೆ ಓದಿ ಹೇಳಿದೆ.

"ಹೌದ್ರಿ. ಮತ್ತ ಗುರವ್ವಾಯಿ ಬಂದ್ರ?"

"ಆಕಿಗೂ ಒಂದು ಪರವಾನಗಿ ಬರೆಸೋಣ ಬಿಡು" ಅಂದೆ. ಬರೆಸಬೇಕು. ನೆನಪಿಡು.

೧೩ ಡಿಸೆಂಬರ್, ಶನಿವಾರ

ಇವತ್ತು ಹಲ್ಲು ಕೀಳಿಸಲು ಬಾಗೇವಾಡಿ ಆಸ್ಪತ್ರೆಗೆ ಹೋಗಬಾರದಿತ್ತು.

ಬಸ್ಸಿಳಿದು ಗೇಟಿಗೆ ಬಂದರೆ ಮಾನಪ್ಪ ತಲೆ ತಗ್ಗಿಸಿ ನಿಂತಿದ್ದಾನೆ. ಶೆಡ್ಡಿನ ಹಿಂದೆ ಹೊಗೆ. ಸಗಣಿ ಕುಳ್ಳಿನ ಬೂದಿ. ಬೂದಿಯಲ್ಲಿ ಅರ್ಧ ಸುಟ್ಟ ಕಾಗದದ ಟೊಪಗಿಗಳು. ಒಂದನ್ನು ಎತ್ತಿ ನೋಡಿದೆ, ನನ್ನದೇ ಪೆನ್ಸಿಲ್ ಅಕ್ಷರ, ತಾರೀಖು, ಸಾಲಿನ ಗುರುತು.

ಸೀತನಿ ಮಾಡಿದ್ದಾರೆ! ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಗೋಣಿತಟ್ಟಿನ ಮೇಲೆ ತಿಕ್ಕಿ, ಕಾಳು ಉದುರಿಸಿ, ಶೇಂಗಾ ಚಟ್ನಿ ಮೊಸರು ಕಲಸಿಕೊಂಡು ತಿಂದಿದ್ದಾರೆ. ಯಾರು? ಗೋಪ್ಯ ಸರ್ಕ್ಯುಲರಿಗೆ ಸಹಿ ಹಾಕಿದವರೇ. ಜೀಪಿನಲ್ಲಿ ಆಲಮಟ್ಟಿಯ ಇಂಜಿನಿಯರ್ ಸ್ನೇಹಿತರನ್ನೂ ಕರೆತಂದಿದ್ದರಂತೆ. ಸಾಹೇಬರು ನೆರಳಿನಲ್ಲಿ ಕೂತರು, ಡ್ರೈವರ್ ಯಂಕಪ್ಪ ಕುಡುಗೋಲು ಹಿಡಿದು ಪ್ಲಾಟಿಗೆ ಇಳಿದ. ತೆರೆದ ತೆನೆಗಳನ್ನು ಹಕ್ಕಿ ಎಂಜಲು ಮಾಡಿದ್ದವಲ್ಲ, ಟೊಪಗಿ ಹಾಕಿದವು ಸ್ವಚ್ಛ, ಧೂಳಿಲ್ಲ, ಕೊಕ್ಕು ತಾಗಿಲ್ಲ. ದೊಡ್ಡವರಿಗೆಂದು ಮುಚ್ಚಿಟ್ಟದ್ದು ಎಂದುಕೊಂಡ.

"ಬ್ಯಾಡಂದೇನ್ರಿ ಬಾಯಾರ," ಅಂದ ಮಾನಪ್ಪ. "ಸಾಹೇಬ್ರಿಗಿಂತ ನಿನಗ ಹೆಚ್ಚ ತಿಳೀತೈತೇನು ಅಂತ ಯಂಕಪ್ಪ ನನಗಽ ಬೈದ."

ಯಂಕಪ್ಪನಿಗೆ ಗೊತ್ತಿರಲಿಲ್ಲ, ಸರಿ. ಇವರಿಗೆ? ತಳಿಶಾಸ್ತ್ರದಲ್ಲಿ ಡಾಕ್ಟರೇಟು. ಟೊಪಗಿ ಕಂಡಾಗ ಏನು ಹೇಳಿದರು ಎಂದು ಕೇಳಿದೆ. "'ಅಯ್ಯ, ಇವನ್ಯಾಕ ತಂದ್ಯೋ' ಅಂದ್ರು" ಎಂದ ಮಾನಪ್ಪ. ಆಮೇಲೆ? "ತಿಂದ್ರು."

ಉಳಿದದ್ದನ್ನು ಚೀಲ ತುಂಬಿ ಇಂಡಿಗೆ ಒಯ್ದಿದ್ದಾರೆ. ಅಲ್ಲಿ ಬೀಗರ ಮನೆ. ಊರಿಗೆಲ್ಲ ಸೀತನಿ ಎಳ್ಳು ಅಮಾವಾಸ್ಯೆಯಾದ ಮೇಲೆ; ಎಳ್ಳಮಾಸಿಗೂ ಮುಂಚೆ ತಂದ ಬೀಗ ಎಂದು ಮೀಸೆ ತಿರುವಲು.

ಕಿತ್ತ ಹಲ್ಲಿನ ಜಾಗದಿಂದ ರಕ್ತ ಬರುತ್ತಿದೆ. ಉಗುಳಿದೆ. ಯಾವುದಕ್ಕೆ ಉಗುಳಿದೆನೋ ಗೊತ್ತಿಲ್ಲ.

೧೪ ಡಿಸೆಂಬರ್

ಒಂದು ಸಾಲು ಉಳಿದಿದೆ. ಯಂಕಪ್ಪನ ಚೀಲ ತುಂಬಿದ್ದರಿಂದ ಉಳಿಯಿತು, ಯಾರ ಬುದ್ಧಿಯಿಂದಲೂ ಅಲ್ಲ. ಎಲ್ಲ ಟೊಪಗಿ ಬಿಚ್ಚಿ ನೋಡಿ ಮತ್ತೆ ಕಟ್ಟಿದೆ. ನನ್ನದು ಜಾರುಗಂಟು, ಅವ್ವ ಸೆರಗಿಗೆ ಹಾಕುತ್ತಿದ್ದ ಗಂಟು.

ಬೀಜಕ್ಕೆ ಇಷ್ಟು ಸಾಕು. ಸಾಕೇ ಸಾಕು ಎಂದು ಮನಸ್ಸಿಗೆ ಹೇಳಿಕೊಂಡೆ.

೧೬ ಡಿಸೆಂಬರ್

ಹೆಡ್ ಸಾಹೇಬರ ಮುಂದೆ ನಿಂತೆ. ಕೂಡ್ರು ಎನ್ನಲಿಲ್ಲ.

"ಬಾಯಾರ, ಅಷ್ಟ್ಯಾಕ ಸಿಟ್ಟು? ಗೆಳ್ಯಾರು ಬಂದಿದ್ರು. ಇಡೀ ಜಿಲ್ಲಾದಾಗ ಸೀತನಿ ಎಲ್ಲಾರ ಇದ್ರ ಅದು ನಮ್ಮ ಫಾರ್ಮಿನ್ಯಾಗ ಅಷ್ಟ. ಅದು ನಿಮಗೂ ಹೆಮ್ಮಿ ಅಲ್ಲೇನು?"

"ಸರ್, ಸರ್ಕ್ಯುಲರ್—"

"ಅದು ಹೊರಗಿನವ್ರಿಗೆ."

ಹೊರಗಿನವರು ಯಾರು ಎಂದು ಕೇಳಬೇಕಿತ್ತು. ಬಾಯಿ ಇನ್ನೂ ಊದಿತ್ತು, ಅದೇ ನೆವ. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆ ಕಟ್ಟಿದವನು ನಮ್ಮ ಫಾರ್ಮಿನಲ್ಲೇ ನೌಕರಿ ಮಾಡಿರಬೇಕು.

೧೯ ಡಿಸೆಂಬರ್, ಶುಕ್ರವಾರ

ಮಧ್ಯಾಹ್ನ ಗೇಟಿನಲ್ಲಿ ಬಿಳಿ ಅಂಬಾಸಿಡರ್. ಇಳಿದವರು ಬಸಂತರಾಯ ಎಂಬುವರು. ಸೊಲ್ಲಾಪುರ ಕಡೆಯ ಬೀಜದ ಕಂಪನಿಯವರು. ಘಮಘಮ ಅತ್ತರು. ಇಂಡಿಯಲ್ಲಿ ನಮ್ಮ ಸಾಹೇಬರ ಬೀಗರ ಮನೆಯ ಊಟಕ್ಕೆ ಇವರೂ ಇದ್ದರಂತೆ.

"ಸೀತನಿ ಭಾಳ ಚಂದ ಇತ್ರಿ ಬಾಯಾರ. ತಿಂದೆ, ಆಮ್ಯಾಲ ವಿಚಾರ ಬಂತು. ಎಳ್ಳಮಾಸಿ ಇನ್ನೂ ಮುಂದ ಐತಿ, ಸೀತನಿ ಹೆಂಗ ಬಂತು? ಅಂದ್ರ ಮಳಿ ಬಿದ್ದ ಕೂಡ್ಲೆ ಬಿತ್ತೀರಿ. ಬಿತ್ತಿದ್ರ ಸುಳಿ ಯಾಕ ಸಾಯ್ಲಿಲ್ಲ?"

ಎಲ್ಲೂ ಪ್ರಕಟವಾಗದ, ಯಾರಿಗೂ ಹೇಳದ ಸಂಗತಿ. ಒಂದು ಹಿಡಿ ಸೀತನಿ ಬಾಯಿಗೆ ಹಾಕಿಕೊಂಡು ಈ ಮನುಷ್ಯ ಪೂರ್ತಿ ಓದಿಬಿಟ್ಟ. ನಮ್ಮ ಸಾಹೇಬರಿಗೆ ರುಚಿ ಮಾತ್ರ ಗೊತ್ತಾಗಿತ್ತು.

ಬೋರ್ಡು ತೋರಿಸಿದೆ. ಪರವಾನಗಿ ಇಲ್ಲದೆ ಬಿಡುವುದಿಲ್ಲ ಅಂದೆ. ನಕ್ಕರು. "ತರೂಣಂತ ಬಿಡ್ರಿ, ಅದಕೇನು" ಎಂದು ಕಾರು ಹತ್ತಿದರು. ಅತ್ತರಿನ ವಾಸನೆ ಸಂಜೆಯವರೆಗೂ ಗೇಟಿನಲ್ಲೇ ಇತ್ತು. ಮಾನಪ್ಪನಿಗೆ ಹೇಳಿ ನೀರು ಹೊಡೆಸಿದೆ. ಹುಚ್ಚು.

೨೭ ಡಿಸೆಂಬರ್

ಕಾಳು ಬಲಿತಿದೆ. ಉಗುರು ಇಳಿಯುವುದಿಲ್ಲ. ಕೊಯ್ಯೋಣವೇ ಎಂದು ಕೇಳಲು ಹೋದರೆ ಹೆಡ್ ಸಾಹೇಬರು, "ಹೊಸ ವರ್ಷ ಆಗ್ಲಿ, ನನ್ನ ಎದುರಿಗೇ ಕೊಯ್ಸೂಣು. ಸೆಕ್ಯುರಿಟಿ ಪ್ರಶ್ನೆ" ಅಂದರು. ಸೆಕ್ಯುರಿಟಿ ಎನ್ನುವಾಗ ಕನ್ನಡಕ ತೆಗೆದು ಒರೆಸಿದರು. ಈಗೀಗ ಎಲ್ಲದಕ್ಕೂ ಇದೇ ಮಾತು. ಎಮರ್ಜೆನ್ಸಿ ಬಂದಮೇಲೆ ಆಫೀಸಿನ ಪ್ರತಿಯೊಬ್ಬನೂ ಚಿಕ್ಕ ಫೌಜುದಾರ.

ಗುರವ್ವನ ಪರವಾನಗಿಗೂ ಕೇಳಿದೆ. "ಯಾರದು? ರೈತರ ಹೆಣ್ಮಗಳು? ನೋಡೂಣು." ಕಾಗದ ಟ್ರೇಯಲ್ಲೇ ಉಳಿಯಿತು.

೧ ಜನವರಿ ೧೯೭೬, ಗುರುವಾರ. ಎಳ್ಳಮಾಸಿ. ರಾತ್ರಿ.

ಬರೆಯಲು ಹೇಸಿಕೆಯಾಗುತ್ತದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹೆಡ್ ಸಾಹೇಬರು ಸಂಸಾರ ಸಮೇತ ಬಂದರು, ಹೊಲಕ್ಕೆ ಎಡೆ ಚೆಲ್ಲಿ ಅಲ್ಲೇ ಉಣ್ಣುವ ಚರಗದ ಊಟಕ್ಕೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಬುಟ್ಟಿಗಟ್ಟಲೆ. ಜೀಪಿನಿಂದ ಕೊನೆಗೆ ಇಳಿದದ್ದು ಬಸಂತರಾಯರು. ನನ್ನನ್ನು ನೋಡಿ ಕೈ ಮುಗಿದರು. ಪರವಾನಗಿ ಪಕ್ಕದಲ್ಲೇ ಕೂತು ಬಂದಿತ್ತು!

ಆಗಲೇ ಬೇಲಿಯ ಆಚೆ ಗುರವ್ವ ಕಂಡಳು. ಇಳಕಲ್ ಸೀರೆ, ತಲೆಯ ಮೇಲೆ ಬುಟ್ಟಿ. ಬೀಜ ಕೊಟ್ಟಂದಿನಿಂದ ಪ್ರತಿ ಎಳ್ಳಮಾಸಿಗೆ ಬರುತ್ತಾಳೆ. ತನ್ನ ಹೊಲದಲ್ಲಿ ಚರಗ ಚೆಲ್ಲಿ, ಆಮೇಲೆ ಇಲ್ಲಿಗೆ ಬಂದು ಈ ಪಟ್ಟಿಗೂ ಎಡೆ ಚೆಲ್ಲಿ, ಜೋಳಕ್ಕೆ ಕೈ ಮುಗಿದು ಹೋಗುತ್ತಾಳೆ. ಮಗಳ ಗಂಡನ ಮನೆಗೆ ಬುತ್ತಿ ತಂದಂತೆ. ಎಳ್ಳಮಾಸಿಯ ದಿನ ಯಾರ ಹೊಲಕ್ಕೆ ಯಾರು ಬಂದರೂ ಬಾ, ಉಣ್ಣು ಅನ್ನಬೇಕು. ಈ ಕಡೆ ಹಗೆಯವನನ್ನೂ ಅಂದು ಕರೆಯುತ್ತಾರೆ.

ಸಾಹೇಬರು ನೋಡಿದರು. ದೊಡ್ಡ ದನಿಯಲ್ಲಿ, ಅತಿಥಿಗಳಿಗೂ ಕೇಳಲಿ ಎಂದೇ, "ಬಾಯಾರ, ಇವತ್ತ ಹೊರಗಿನವ್ರನ್ನ ಒಬ್ಬರನ್ನೂ ಒಳಗ ಬಿಡಬ್ಯಾಡ್ರಿ. ರೂಲ್ ಅಂದ್ರ ರೂಲ್" ಅಂದರು. ಬಸಂತರಾಯರು ತಲೆದೂಗಿದರು, ಇಂಥ ಶಿಸ್ತು ಎಲ್ಲಿದೆ ಎನ್ನುವ ಹಾಗೆ.

ಹೋಗಿ ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ಮಾನಪ್ಪನನ್ನಾದರೂ ಕಳಿಸಬಹುದಿತ್ತು. ನಾನೇ ಹೋದೆ, ತಿಳಿಸಿ ಹೇಳಿದರೆ ಬೇಜಾರಾಗಲಿಕ್ಕಿಲ್ಲ ಎಂದು. ಎಂಥ ಜಾಣೆ.

"ಗುರವ್ವಾ, ಈ ವರ್ಷ ಒಳಗ ಬಿಡೂದಿಲ್ಲಂತ. ಪರವಾನಗಿ ಬೇಕಂತ."

"ಯಾರ ಪರವಾನಗಿ?"

"ಯುನಿವರ್ಸಿಟಿದು."

ಜೀಪಿನ ಕಡೆ ನೋಡಿದಳು. ಪ್ಲಾಟಿನ ಬದುವಿನ ಮೇಲೆ ಬಸಂತರಾಯರು ಕೈ ಹಿಂದೆ ಕಟ್ಟಿ ಅಡ್ಡಾಡುತ್ತಿದ್ದರು. ನನ್ನ ಕಡೆ ನೋಡಿದಳು. "ಹೌದ್ರಿ, ಬಾಯಾರ" ಅಂದಳು.

ತಂಗಿ ಅನ್ನುತ್ತಿದ್ದವಳು. ಫಾರ್ಮಿನವರ ಹಾಗೆ ಬಾಯಾರ ಅಂದಳು. ಬುಟ್ಟಿ ಇಳಿಸಿ ಬೇಲಿಯ ಹೊರಗಿನಿಂದಲೇ ಚರಗ ತೂರಿದಳು. ಒಂದಿಷ್ಟು ಮುಳ್ಳುತಂತಿಗೆ ಸಿಕ್ಕಿಕೊಂಡಿತು. ನಾನು ತಿರುಗಿ ಬಂದೆ. "ಬಾಯಾರ, ಮೊಸರಿನ ಗಡಿಗಿ ಈ ಕಡೆ ತರ್ರಿ" ಎಂದು ಸಾಹೇಬರು ಕರೆಯುತ್ತಿದ್ದರು. ತಂದೆ. ಬಡಿಸಿದೆ. ಎರಡನೇ ಸಲ ಹೋಳಿಗೆಯನ್ನೂ ಕೇಳಿ ಕೇಳಿ ಬಡಿಸಿದೆ. ಪಾತ್ರೆ ತೊಳೆಯುವುದನ್ನು ಮಾತ್ರ ಯಾರೂ ಹೇಳಲಿಲ್ಲ, ಹೇಳಿದ್ದರೆ ಅದನ್ನೂ ಮಾಡುತ್ತಿದ್ದೆನೇನೋ.

ಊಟವಾದ ಮೇಲೆ ಗಂಡಸರು ಅಡ್ಡಾಡಿ ಬರುತ್ತೇವೆ ಎಂದು ಹೊರಟರು. ನಾನು ಶೆಡ್ಡಿನಲ್ಲಿ ಹೆಂಗಸರಿಗೆ ಎಲೆ ಅಡಿಕೆ ಕೊಡುತ್ತಿದ್ದೆ.

೩ ಜನವರಿ

ಟೊಪಗಿಗಳಿವೆ. ತೆನೆಗಳಿಲ್ಲ.

ದೂರದಿಂದ ನೋಡಿದರೆ ಸಾಲು ಹಾಗೇ ಇತ್ತು. ಗಾಳಿಗೆ ಒಂದು ಟೊಪಗಿ ವಿಚಿತ್ರವಾಗಿ ಸಪ್ಪಳ ಮಾಡಿತು. ಬರೀ ಕಾಗದದ ಸಪ್ಪಳ. ಬಿಚ್ಚಿದೆ. ಒಳಗೆ ಕೊಯ್ದ ದಂಟು. ಮುಂದಿನದು, ಅದರ ಮುಂದಿನದು... ಎಲ್ಲ ಕೊಯ್ದು, ಟೊಪಗಿಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಗಂಟು ನನ್ನದಲ್ಲ. ನನ್ನದು ಜಾರುಗಂಟು, ಇವು ಗಂಡುಗಂಟು, ಯಂಕಪ್ಪ ಜೀಪಿನ ತಾಡಪತ್ರಿಗೆ ಹಾಕುವಂಥವು.

ಟೋಪಿ ಹಾಕುವುದು ಎನ್ನುತ್ತಾರಲ್ಲ. ನನ್ನದೇ ಟೊಪಗಿ, ನನಗೇ ಹಾಕಿದರು.

ಬದುವಿನ ಮೇಲೆ ಕೂತೆ. ಅಳು ಬರಲಿಲ್ಲ. ಮೊನ್ನೆ ಬಡಿಸಿದ ಕೈಯನ್ನು ಮಣ್ಣಿನಲ್ಲಿ ತಿಕ್ಕಿದೆ.

೪ ಜನವರಿ

"ಹಕ್ಕಿ ತಿಂದಿರಬೇಕು," ಅಂದರು ಹೆಡ್ ಸಾಹೇಬರು.

"ಟೊಪಗಿ ಬಿಚ್ಚಿ ತಿಂದು, ಗಂಟು ಹಾಕಿ ಹೋದವೇನ್ರಿ ಸರ್?"

"ದನಿ ಇಳಸ್ರಿ."

ಹೋದ ವರ್ಷದ ಬೀಜದ ಪೊಟ್ಟಣ ಇವರ ಕಪಾಟಿನಲ್ಲಿತ್ತು. ಭದ್ರತೆಗೆಂದು ನನ್ನ ಕೈಯಿಂದ ಕಸಿದು ಇಟ್ಟದ್ದು. ತೆಗೆಸಿದೆ. ಬೀಗ ಭದ್ರವಾಗಿತ್ತು. ಒಳಗೆ ನುಸಿ ಹತ್ತಿ ಹಿಟ್ಟಾಗಿತ್ತು, ಊದಿದರೆ ಹಾರುವ ಹಾಗೆ. ಅಷ್ಟನ್ನೂ ಅವರ ಮೇಜಿನ ಮೇಲೆ ಸುರಿದು ಬಂದೆ.

ಇನ್ನು ಗುರವ್ವನ ಮನೆಯೊಂದೇ ದಾರಿ ಎಂದೆ ಮಾನಪ್ಪನಿಗೆ. ಅವನು ತಲೆ ಅಲ್ಲಾಡಿಸಿದ. "ಆಕಿ ಮನ್ಯಾಗೂ ಆ ಬೀಜ ಇಲ್ರಿ ಬಾಯಾರ. ಇದ್ದದ್ದು ನಿಮಗ ಕೊಟ್ಟಾಳ. ಮಕ್ಕಳು ಈಗ ಹೈಬ್ರೀಡ್ ಬಿತ್ತತಾರ. ಹಳೀ ಬೀಜ ಬಿಡ್ರಿ ಅಂತ ನೀವಽ ಊರಾಗ ಮೀಟಿಂಗ್ ಮಾಡಿ ಹೇಳಿದ್ರೆಲ್ಲ."

ಹೌದು. ಹೇಳಿದ್ದೆವು. ಮೈಕು ಹಚ್ಚಿ.

ಹಾಗಾದರೆ ಆ ಜೋಳ ಈಗ ಭೂಮಿಯ ಮೇಲೆ ಒಂದೇ ಕಡೆ ಇದೆ. ಬಸಂತರಾಯರ ಡಿಕ್ಕಿಯಲ್ಲಿ. ನಾಳೆ ಬೇರೆ ಹೆಸರು ಇಟ್ಟುಕೊಂಡು, ಚಿತ್ರದ ಚೀಲದಲ್ಲಿ ಗೊಳಸಂಗಿ ಸಂತೆಗೇ ಬರುತ್ತದೆ, ಗುರವ್ವನಿಗೇ ಮಾರಲು.

೫ ಜನವರಿ

ಯುನಿವರ್ಸಿಟಿಗೆ ದೂರು ಬರೆದು ರಜಿಸ್ಟರ್ ಮಾಡಿದೆ. ಡಿಸೆಂಬರಿನ ಸೀತನಿ, ಬಸಂತರಾಯರ ಹೆಸರು, ಗಂಟು, ಎಲ್ಲ.

೨೧ ಜನವರಿ

ಎನ್‌ಕ್ವೈರಿ ಬರುತ್ತದಂತೆ. ಅದಕ್ಕೂ ಮುಂಚೆ ಬಂದದ್ದು ಮಾನಪ್ಪನ ಸಸ್ಪೆನ್ಷನ್ ಆರ್ಡರು. ಗೋಪ್ಯ ಸಾಮಗ್ರಿಯನ್ನು ಹೊರಗಿನವರಿಗೆ ಕೊಟ್ಟ ಆರೋಪ. ದೂರು ಕೊಟ್ಟವಳು ನಾನು, ಬಲೆಗೆ ಬಿದ್ದವನು ಇವನು. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ.

ಇದು ಸುಳ್ಳು ತಾನೇ ಎಂದು ಮಾನಪ್ಪನನ್ನು ಕೇಳಿದೆ. "ಖರೇ ಐತ್ರಿ" ಅಂದ.

ಎಳ್ಳಮಾಸಿಯ ದಿನ ನಾನು ತಿರುಗಿ ಬಂದ ಮೇಲೆ ಗುರವ್ವ ಬೇಲಿಯ ಹತ್ತಿರ ನಿಂತೇ ಇದ್ದಳಂತೆ. ಖಾಲಿ ಬುಟ್ಟಿ ಹಿಡಿದು.

"ಚರಗ ಚೆಲ್ಲಾಕ ಬಂದಾಕಿನ್ನ ಹೊಲದಿಂದ ಬರಿಗೈಲೆ ಕಳಸಬಾರದ್ರಿ ಬಾಯಾರ. ಹೊಲಕ್ಕ ಛಲೋ ಅಲ್ಲ. ಒಂದ ತೆನಿ ಕೊಯ್ದ ಕೊಟ್ಟೆ, ಟೊಪಗಿ ಸಮೇತ. ಯಂಕಪ್ಪ ನೋಡ್ದ. ಹೇಳಿದ್ರ ನೀವ ಬೈತೀರಂತ ಹೇಳ್ಲಿಲ್ಲ."

ಬೈಯಲೆಂದೇ ಬಾಯಿ ತೆರೆದೆ. ನಾಲ್ಕು ಸುತ್ತು ತಂತಿ, ಬೋರ್ಡು, ಸರ್ಕ್ಯುಲರು, ಎಲ್ಲ ಮೀರಿ ನನ್ನ ಪ್ಲಾಟಿನ ತೆನೆ ಕೊಯ್ದು ಕೊಟ್ಟಿದ್ದಾನೆ, ಹೇಳದೆ ಕೇಳದೆ— ಎನ್ನುವಷ್ಟರಲ್ಲಿ ತಲೆಗೆ ಹೊಳೆಯಿತು. ಬಲಿತ ಕಾಳು. ಟೊಪಗಿ ಸಮೇತ. ಗೆಸ್ಟುಗಳು ಅಡ್ಡಾಡಲು ಹೋಗುವ ಮೊದಲು.

ಒಂದು ತೆನೆ ಇದೆ.

ಅವನ ಗುಡಿಸಲಿನ ಕಟ್ಟೆಯ ಮೇಲೆ ಕೂತೆ. ಅವನ ಹೆಂಡತಿ ಯಲ್ಲವ್ವ ಚಹ ಕೊಟ್ಟಳು. ನೌಕರಿ ಹೋದ ಮನೆಯಲ್ಲಿ ಕೂತು ನಗುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

೨೩ ಜನವರಿ, ಶುಕ್ರವಾರ

ಎನ್‌ಕ್ವೈರಿ. ದೊಡ್ಡ ಊರಿನಿಂದ ಇಬ್ಬರು ಸಾಹೇಬರು. ಬಂದ ಕೂಡಲೇ ನಮ್ಮ ಹೆಡ್ಡಿನ ಕೈ ಕುಲುಕಿ, ಬೀಗರು ಹೇಗಿದ್ದಾರೆ ಎಂದು ಕೇಳಿದರು. ಅಲ್ಲಿಗೆ ನನಗೆ ಅರ್ಧ ತಿಳಿಯಿತು.

ಬಸಂತರಾಯರ ಹೆಸರೆತ್ತಿದೆ. ಹಿರಿಯರು ಕೈ ಎತ್ತಿ ತಡೆದರು. "ಗೆಸ್ಟ್ ವಿಷಯ ಬ್ಯಾಡ. ಪುರಾವೆ ಇಲ್ಲ. ಕಾಲ ಛಲೋ ಇಲ್ಲ ಬಾಯಾರ, ದೊಡ್ಡವರ ಹೆಸರು ತಗೊಳ್ಳಬ್ಯಾಡ್ರಿ." ಗಂಟುಗಳ ಸಂಗತಿ ಹೇಳಿದೆ. ಕಿರಿಯರು ನಕ್ಕರು. ಡಿಸೆಂಬರಿನ ಸೀತನಿ ಹೇಳಿದೆ. "ಅದು ಆತಿಥ್ಯ" ಎಂದರು.

ಯಂಕಪ್ಪ ಬಂದು ಹೇಳಿಕೆ ಕೊಟ್ಟ. ಎಳ್ಳಮಾಸಿ ದಿನ ಮಾನಪ್ಪ ಬೇಲಿಯಾಚೆ ಒಬ್ಬ ಹೆಂಗಸಿಗೆ ಟೊಪಗಿ ಹಾಕಿದ ತೆನೆ ಕೊಟ್ಟ, ಕಣ್ಣಾರೆ ಕಂಡೆ. ಅಲ್ಲಿಗೆ ಎಲ್ಲರ ಮುಖ ಹಗುರಾಯಿತು. ಒಂದು ಕೊಟ್ಟವನು ಎಲ್ಲ ಕೊಟ್ಟಿರುತ್ತಾನೆ. ನಾಳೆಯೇ ಪೊಲೀಸರನ್ನು ಕಳಿಸಿ ಗೊಳಸಂಗಿಯ ಆ ಮನೆ ಜಪ್ತಿ ಮಾಡಿಸೋಣ, ಸಿಕ್ಕಿದ್ದನ್ನು ಸೀಲ್ ಮಾಡಿ ಕಪಾಟಿನಲ್ಲಿ ಇಡೋಣ ಅಂದರು. ಕಪಾಟಿನಲ್ಲಿ! ನುಸಿಗೆ ಎರಡನೇ ಊಟ. ಮಾನಪ್ಪ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಅವನ ಚಪ್ಪಲಿ ಮಾತ್ರ ನನಗೆ ಕಾಣುತ್ತಿತ್ತು.

"ನೀವೇನ ಹೇಳ್ತೀರಿ ಬಾಯಾರ?"

ಹೇಳಿದೆ.

"ಆ ತೆನಿ ನಾನಽ ಕೊಡಿಸಿದ್ದು ಸರ್. ಆಕಿ ಕಡೆ ಕುಳ್ಳಿನ ಬೆಂಕಿ ಇತ್ತು. ಸುಟ್ಟ ಕೊಡು ಅಂದೆ. ಸೀತನಿ ಮಾಡಿ ಅಲ್ಲೇ ತಿಂದೆ."

ನಮ್ಮ ಹೆಡ್ ಸಾಹೇಬರು ತಲೆ ಎತ್ತಿದರು. ಆ ದಿನದ ಕಾಳು ಕಲ್ಲಿನಂತಾಗಿತ್ತು. ಅದರಿಂದ ಸೀತನಿ ಆಗುವುದಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಅವರನ್ನೇ ನೋಡುತ್ತ ನಿಂತೆ. ಹದ ಮೀರಿತ್ತು ಎಂದು ಹೇಳಬೇಕಾದರೆ, ಹದವಿದ್ದಾಗ ತಿಂದವರು ಯಾರು, ಇಂಡಿಗೆ ಒಯ್ದವರು ಯಾರು, ಅಲ್ಲಿ ಯಾರ ಪಂಕ್ತಿಯಲ್ಲಿ ಬಡಿಸಿದರು, ಎಲ್ಲ ಕಾಗದದ ಮೇಲೆ ಬರುತ್ತದೆ. ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು.

"ಹೆಡ್ ಸಾಹೇಬ್ರು ಮಾಡಿದ್ದನ್ನಽ ನಾನೂ ಮಾಡೇನಿ," ಅಂದೆ.

ಹಿರಿಯರು ಹೊಟ್ಟೆ ಕುಣಿಸಿ ನಕ್ಕುಬಿಟ್ಟರು. "ಅಯ್ಯ, ಸೀತನಿ ತಿಂದ್ರ ಅದೇನ ಕಳವೇನ್ರಿ? ನಮಗೂ ಒಂದೀಟ ಇಟ್ಟಿದ್ರ ಆಗ್ತಿತ್ತು!" ಕಿರಿಯರೂ ನಕ್ಕರು. ಹೆಡ್ಡೂ ನಕ್ಕರು, ತಡವಾಗಿ.

ಇದು ನಮ್ಮ ಯುನಿವರ್ಸಿಟಿ. ಸಂಶೋಧನೆಯನ್ನು ಒಬ್ಬ ಮುದುಕಿ ಮನೆಯಲ್ಲಿ ಜೋಪಾನ ಮಾಡಿದರೆ ಪೊಲೀಸು. ಸುಟ್ಟು ತಿಂದರೆ ನಗು. ನನ್ನ ಸುಳ್ಳು ಇಷ್ಟು ಸಲೀಸಾಗಿ ನುಂಗಿದರಲ್ಲ, ಅದೇ ಹೆಚ್ಚು ಹೇಸಿಕೆ.

ಷರಾ ಬರೆದರು. ಉಳಿದ ತೆನೆಗಳು ಹಕ್ಕಿ ಹಾವಳಿಯಿಂದ ನಷ್ಟ. ಮಾನಪ್ಪನ ಸಸ್ಪೆನ್ಷನ್ ರದ್ದು. ನನಗೆ ಮೆಮೊ, ಬೇಜವಾಬ್ದಾರಿ ಎಂದು, ಜೊತೆಗೆ ವರ್ಗಾವಣೆ ತುಮಕೂರು ಕಡೆ ಎಲ್ಲೋ. ಪ್ರಯೋಗ ಬಂದ್. ಪಿಎಚ್.ಡಿ.ಯೂ ಅಲ್ಲಿಗೆ ಮುಗಿದಂತೆ. ಸೋಮವಾರದೊಳಗೆ ಫೀಲ್ಡ್ ಬುಕ್ ಎಲ್ಲ ಒಪ್ಪಿಸಬೇಕು.

ಸಹಿ ಹಾಕಿದೆ.

ಹೊರಗೆ ಮಾನಪ್ಪ ಚಪ್ಪಲಿ ಹಾಕಿಕೊಳ್ಳುತ್ತ, "ನೀವ ಯಾವಾಗ ತಿಂದ್ರಿ ಬಾಯಾರ?" ಎಂದು ಕೇಳಿದ. ಆಮೇಲೆ ಅವನಿಗೇ ತಿಳಿಯಿತು. ಬಸ್ ಸ್ಟಾಪಿನವರೆಗೂ ನನ್ನ ಚೀಲ ಹೊತ್ತ.

೨೫ ಜನವರಿ, ರವಿವಾರ

ನಿಡಗುಂದಿ ಬಸ್ಸು ಹಿಡಿದು ಗೊಳಸಂಗಿಗೆ ಹೋದೆ. ಗುರವ್ವ ಹೊಸ್ತಿಲ ಒಳಗೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಪರವಾನಗಿ ತಂದೀರೇನ್ರಿ, ಬಾಯಾರ?"

ಹೊಸ್ತಿಲ ಹೊರಗೇ ನಿಂತೆ. ಬಿಸಿಲು. ಬೀದಿಯ ಹೆಂಗಸರು ನೋಡುತ್ತಿದ್ದರು. ಇಲ್ಲ ಅಂದೆ. ತಪ್ಪಾಯಿತು ಅಂದೆ. ಮಾರುವವರ ಕೈಗೆ ಹೋಯಿತು ಎಂಬುದನ್ನೂ ಹೇಳಿದೆ. ಮುಚ್ಚಿಡಲಿಲ್ಲ. ಮೊರ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಕೈಲೆ ಕೊಟ್ಟಿದ್ದೆ," ಅಂದಳು ಕೊನೆಗೆ. ಅಷ್ಟೇ.

ನಿನ್ನ ಅಂದಳು. ಅದನ್ನೇ ಹಿಡಿದುಕೊಂಡು, ಆ ತೆನೆ ಇದೆಯೇ ಎಂದು ಕೇಳಿದೆ.

"ಐತಿ. ಕೊಟ್ರ ಎಲ್ಲಿಡ್ತಿ?"

ಯೋಚಿಸಿದೆ. ಫಾರ್ಮು. ಆಫೀಸು. ಕಪಾಟು. ನನ್ನ ಟ್ರಂಕು, ಅದೂ ಇನ್ನು ತುಮಕೂರಿಗೆ. ಇಷ್ಟು ದೊಡ್ಡ ಯುನಿವರ್ಸಿಟಿಯಲ್ಲಿ ಒಂದು ಜೋಳದ ತೆನೆ ಇಡಲು ಜಾಗ ಹೊಳೆಯಲಿಲ್ಲ.

"ಇಲ್ಲೇ ಇರಲಿ," ಅಂದೆ.

ಆಗ ಎದ್ದಳು. "ಒಳಗ ಬಾ" ಅಂದಳು. ತಂಗಿ ಅನ್ನಲಿಲ್ಲ, ಆದರೆ ಕೈ ಹಿಡಿದೇ ಕರೆದೊಯ್ದಳು. ತೋರಿಸಿದಳು. ಟೊಪಗಿ ಹಾಗೇ ಇತ್ತು, ನನ್ನ ಜಾರುಗಂಟು ಹಾಗೇ ಇತ್ತು, ಪೆನ್ಸಿಲ್ ಅಕ್ಷರದ ಮೇಲೆ ಬೇವಿನ ಎಲೆಯ ಪುಡಿ. ಅಳು ಆಗ ಬಂತು. ಮಳೆ ಬೀಳುತ್ತಲೇ ತನ್ನ ಹಿತ್ತಲಲ್ಲಿ ಹಾಕುತ್ತಾಳಂತೆ. ಮಕ್ಕಳಿಗೂ ಹೇಳಿಲ್ಲವಂತೆ. ರಜೆ ಹಾಕಿ ಬರುತ್ತೇನೆ, ಟೊಪಗಿ ಕಟ್ಟಲು ನಾನೇ ಬರುತ್ತೇನೆ ಅಂದೆ.

"ಬಾ. ಆದ್ರ ಇದನ್ನ ಎಲ್ಲೂ ಬರೀಬ್ಯಾಡ. ನೀವ ಬರಕೊಂಡದ್ದೆಲ್ಲಾ ಮಂದಿ ಕೈಯಾಗ ಹೋಗೇತಿ."

ಬರೆಯುವುದಿಲ್ಲ ಅಂದೆ. ನಾಳೆ ಫೀಲ್ಡ್ ಬುಕ್ಕುಗಳನ್ನು ಒಪ್ಪಿಸುತ್ತೇನೆ, ಅವುಗಳಲ್ಲಿ ಇದರ ಸುಳಿವಿಲ್ಲ. ಆದರೆ ಮುಂದೆ ನಾನಿರಲಿ ಇಲ್ಲದಿರಲಿ, ಗೊತ್ತಿರಬೇಕಾದ್ದು ಒಂದೇ. ಗುರವ್ವ ಆ ತೆನೆಯನ್ನು ಇಟ್ಟಿರುವುದು ಒಳಮನೆಯ—

ಇಲ್ಲ. ಬರೆಯುವುದಿಲ್ಲ ಅಂದಿದ್ದೆ.